ಒಂದೇ ಫೋಟೋ ಎರಡು ಸಲ ಬಂದರೆ

ಫೋನಿನಲ್ಲಿ ಅಕ್ಷರಗಳು ನನಗೆ ಬೆಲ್ಲಕ್ಕೆ ಮುತ್ತಿದ ಇರುವೆಯ ಹಾಗೆ ಕಾಣುತ್ತವೆ. ಅದಕ್ಕೇ ಮಗಳ ಕಂಪ್ಯೂಟರಿನ ಮುಂದೆ ಕೂಡುವುದನ್ನು ಕಲಿತೆ. ಮಗಳು ಸರಕಾರಿ ಶಾಲೆಯಲ್ಲಿ ಕಲಿಸುತ್ತಾಳೆ, ಮುಂಜಾನೆ ಹೋದರೆ ಸಂಜೆಗೇ ಬರುವುದು. ಹಗಲೆಲ್ಲ ಕಂಪ್ಯೂಟರು ಸುಮ್ಮನೆ ಬಟ್ಟೆ ಹೊದ್ದುಕೊಂಡು ಕೂತಿರುತ್ತಿತ್ತು, ನಾನೂ ಸುಮ್ಮನೆ ಕೂತಿರುತ್ತಿದ್ದೆ. ನನ್ನದು ನಾಲ್ಕನೇ ಇಯತ್ತೆಯ ಓದು. ಓದುವಾಗ ತುಟಿ ಆಡುತ್ತವೆ, ಬೆರಳು ಸಾಲಿನ ಕೆಳಗೆ ಓಡುತ್ತದೆ. ಗಾಜಿನ ಮೇಲೆ ಬಿದ್ದ ನನ್ನ ಬೆರಳಿನ ಎಣ್ಣೆಗುರುತನ್ನು ಮಗಳು ದಿನಾ ಸಂಜೆ ಬೈದುಕೊಳ್ಳುತ್ತ ಒರೆಸುತ್ತಾಳೆ.

ಬೈರಿದೇವರಕೊಪ್ಪದ ನಮ್ಮ ಮನೆಯ ಮೇಲೆ ಎರಡು ಖೋಲಿ ಇವೆ. ಅಲ್ಲಿ ಬಾಡಿಗೆಗಿರುವ ಹುಡುಗಿ ಗದಗಿನ ಕಡೆಯವಳು. ಗೋಕುಲ ರಸ್ತೆಯಲ್ಲಿ ಮೋಟರ್ ವೈಂಡಿಂಗ್ ಮಾಡುವ ಅಂಗಡಿಯೊಂದರ ಮಾಳಿಗೆಯ ಮೇಲೆ ಅವಳು ಮತ್ತವಳ ಗೆಳತಿ ಸೇರಿ ಕಂಪ್ಯೂಟರಿನ ಕೆಲಸ ಮಾಡುತ್ತಾರೆ. ಎರಡು ವರ್ಷದಿಂದ ಒಂದೇ ಆ್ಯಪಿಗೆ ಜೋತುಬಿದ್ದಿದ್ದಾರೆ. ಅದೇನು ಎಂದು ನಾನು ಒಂದು ದಿನ ಕೇಳಿದೆ. ಅವಳು ಹೇಳಿದ್ದು ನನಗೆ ತಿಳಿದದ್ದು ಇಷ್ಟು. ಜನರ ಸುದ್ದಿ ಈಗ ನಾಲ್ಕೈದು ಬಾಗಿಲಿನಿಂದ ಬರುತ್ತದೆ. ಹಸಿರು ಬಣ್ಣದ ಗುಂಪುಗಳಲ್ಲಿ ಒಂದಿಷ್ಟು, ಫೋಟೋ ಹಾಕುವ ಕಡೆ ಒಂದಿಷ್ಟು, ಹಾಡು ಕುಣಿತದ ಕಡೆ ಒಂದಿಷ್ಟು. ಒಂದೊಂದನ್ನೂ ತೆರೆದು ನೋಡುವಷ್ಟರಲ್ಲಿ ಒಲೆಯ ಮೇಲಿನ ಸಾರು ಬತ್ತುತ್ತದೆ. ಇವಳ ಆ್ಯಪು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದೇ ಸಾಲಾಗಿ ತಂದು ಕೂಡಿಸುತ್ತದೆ.

ಅದನ್ನು ಮಾರುವ ಮೊದಲು ಪರಿಚಯದ ಕೆಲವರಿಗೆ ಕೊಟ್ಟು, ಏನು ಸುಧಾರಿಸಬೇಕು ಎಂದು ಕೇಳುತ್ತಿದ್ದಳು. ನಮ್ಮ ಮನೆಗೂ ಬಂದಳು. ಮಗಳಿಗೆ ಹೊತ್ತಿಲ್ಲ. "ನಮ್ಮವ್ವಗ ಕೊಡು, ಆಕಿ ಬಾಯಿಗೆ ಬಂದದ್ದು ಅಂತಾಳ," ಎಂದಳು.

"ನನಗೇನ್ ತಿಳೀತೈತಿ ಇದರಾಗಿಂದು?" ಎಂದೆ ನಾನು.

"ತಿಳೀಲಾರದವರ ಬೇಕಾಗ್ಯಾರ್ರಿ ಆಯಿ. ತಿಳಿದವರು ಬರೇ ಬಣ್ಣದ ಮಾತಾಡ್ತಾರ."

ಆ ಉತ್ತರ ನನಗೆ ಸೇರಿತು. ಹೀಗೆ ನಾನು ಅವಳ ಪರೀಕ್ಷೆಯ ಜನರಲ್ಲಿ ಒಬ್ಬಳಾದೆ.

ವಾರಕ್ಕೊಮ್ಮೆ ಅವಳು ವಹಿ ಹಿಡಿದುಕೊಂಡು ಕೆಳಗಿಳಿದು ಬಂದು ನನ್ನ ಪಕ್ಕ ನೆಲದ ಮೇಲೆ ಕೂಡುತ್ತಿದ್ದಳು. ನಾನು ಹೇಳಿದ್ದನ್ನು ಒಂದೂ ಬಿಡದೆ ಬರೆದುಕೊಳ್ಳುತ್ತಿದ್ದಳು. ಅಕ್ಷರ ದೊಡ್ಡದು ಮಾಡು ಎಂದೆ, ಮಾಡಿದಳು. ವಿಡಿಯೋಗಳು ಕರೆಯದೆ ಕೂಗುತ್ತವೆ, ನಾನು ಮುಟ್ಟಿದ ಮೇಲೆ ಬಾಯಿ ಬಿಡಲಿ ಎಂದೆ. ಅದನ್ನೂ ಮಾಡಿದಳು. ಜೀವಮಾನದಲ್ಲಿ ನನ್ನ ಮಾತನ್ನು ಇಷ್ಟು ಲಗೂ ನಡೆಸಿದವರು ಯಾರೂ ಇರಲಿಲ್ಲ. ನನಗೆ ಸ್ವಲ್ಪ ಸೊಕ್ಕು ಬಂತು ಅಂತಲೇ ಹೇಳಬೇಕು.

ಮೂರನೇ ವಾರ ಹೂವಿನ ಮಾತು ಎತ್ತಿದೆ. ದಿನಾ ಬೆಳಗಾದರೆ ಶುಭೋದಯ ಎಂದು ಬರೆದ ಕೆಂಪು ಗುಲಾಬಿ ಬರುತ್ತದೆ. ಅದೇ ಗುಲಾಬಿಯನ್ನು ಬೀಗರು ಕಳಿಸುತ್ತಾರೆ, ಮಗಳ ಗೆಳತಿಯರು ಕಳಿಸುತ್ತಾರೆ, ಎಂದೋ ಬಸ್ಸಿನಲ್ಲಿ ಗುರುತಾದವರು ಕಳಿಸುತ್ತಾರೆ. ಆ್ಯಪು ಎಲ್ಲ ಬಾಗಿಲನ್ನೂ ಒಂದೇ ಮಾಡಿದ್ದರಿಂದ ಎಲ್ಲ ಗುಲಾಬಿಗಳೂ ನನ್ನ ಕಣ್ಣ ಮುಂದೆಯೇ ಸಾಲುಗಟ್ಟಿ ನಿಲ್ಲುತ್ತಿದ್ದವು. ಒಂದು ದಿನ ಎಣಿಸಿದೆ, ಹನ್ನೊಂದು.

"ಒಂದ ಹೂವು ಹನ್ನೊಂದು ಸಲ ಯಾಕ? ಒಂದ ಸಲ ತೋರ್ಸು, ಉಳದದ್ದು ಮುಚ್ಚಿಡು," ಎಂದೆ.

ಹುಡುಗಿ ಪೆನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಇಷ್ಟು ಮಂದಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲವಂತೆ. ನಾಲ್ಕು ದಿನ ಕೂತು ಅದನ್ನೂ ಮಾಡಿ ತಂದಳು. ಅಂದಿನಿಂದ ಒಮ್ಮೆ ಬಂದ ಚಿತ್ರ ಮತ್ತೆ ಬಂದರೆ ಸಾಲಿನಲ್ಲಿ ಕಾಣುತ್ತಿರಲಿಲ್ಲ. ಎಲ್ಲಕ್ಕೂ ಕೆಳಗೆ ಒಂದು ಬೂದು ಗುಂಡಿ ಬಂತು. ಅದರ ಮೇಲೆ 'ಮೊದಲೇ ನೋಡಿದ್ದು' ಎಂದು ಬರೆದು ಪಕ್ಕದಲ್ಲಿ ಎಷ್ಟು ಎಂಬ ಅಂಕಿ. ಆ ಗುಂಡಿ ಒತ್ತಿದರೆ ಎಲ್ಲ ಮಾಯ. ಅಂಗಳದ ಕಸ ಗುಡಿಸಿ ಬುಟ್ಟಿಗೆ ತುಂಬಿದಷ್ಟು ಸಮಾಧಾನ ಆಗುತ್ತಿತ್ತು ನನಗೆ, ದಿನಾ ಅದನ್ನು ಒತ್ತುವಾಗ.

ಇನ್ನು ನನ್ನ ಗೆಳತಿಯ ವಿಷಯ ಹೇಳಬೇಕು.

ನಾನು ಗರಗದ ಸೊಸೆ. ಮದುವೆಯಾಗಿ ಬಂದ ವರ್ಷವೇ ಅಲ್ಲಿನ ಖಾದಿ ಕೇಂದ್ರಕ್ಕೆ ನೂಲಲು ಹೋದೆ. ನನ್ನ ಚರಕದ ಪಕ್ಕದ ಚರಕ ಅವಳದು. ಅವಳ ಎಳೆ ಕಡಿದರೆ ನಾನು ಬೈಯುತ್ತಿದ್ದೆ, ನನ್ನದು ಕಡಿದರೆ ಅವಳು. ಮೂವತ್ತು ವರ್ಷಕ್ಕೂ ಹೆಚ್ಚು ಒಂದೇ ಕಿಟಕಿಯ ಬೆಳಕಿನಲ್ಲಿ ಕೂತು ನೂತಿದ್ದೇವೆ. ಗಂಡ ಸತ್ತ ಮೇಲೆ ಮಗಳು ನನ್ನನ್ನು ಇಲ್ಲಿಗೆ ಕರೆತಂದಳು. ಗೆಳತಿ ಅಲ್ಲೇ ಉಳಿದಳು, ಮಗ ಸೊಸೆಯ ಜೊತೆ. ಸೊಸೆ ಒಳ್ಳೆಯವಳು. ನನ್ನನ್ನು ಚಿಗವ್ವ ಎನ್ನುತ್ತಿದ್ದಳು, ಅತ್ತೆಯ ಗೆಳತಿಯನ್ನು ಸ್ವಂತ ಅವ್ವನ ತಂಗಿಯನ್ನು ಕರೆದ ಹಾಗೆ. ಗರಗದ ಗುಂಪಿನಲ್ಲಿ ಆ ಮನೆಯ ಸುದ್ದಿ ಹಾಕುವವಳೂ ಅವಳೇ.

ಗೆಳತಿಯದು ಒಂದೇ ಒಂದು ಫೋಟೋ ಇತ್ತು. ನೂಲುವ ಕೆಲಸ ಬಿಡುವ ದಿನ ಶಾಲು ಹೊದಿಸಿ ತೆಗೆದದ್ದು. ನೂಲಲು ಹಾಳಾದ ಹತ್ತಿಯ ಹಂಜಿ ತಂದುಕೊಟ್ಟವನನ್ನು ನೋಡುವ ಹಾಗೆ ಫೋಟೋದವನನ್ನು ನೋಡುತ್ತಿದ್ದಾಳೆ ಅದರಲ್ಲಿ. ಆಮೇಲೆ ಯಾರು ಫೋನ್ ಎತ್ತಿದರೂ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. "ಒಂದ ಸಾಕು. ಎಷ್ಟ್ ತೆಗದ್ರೂ ಮಾರಿ ಇದ ಅಲ್ಲೇನ," ಎನ್ನುತ್ತಿದ್ದಳು. ಹೀಗಾಗಿ ಆ ಮನೆಯವರು ಎಲ್ಲಕ್ಕೂ ಆ ಫೋಟೋವನ್ನೇ ಬಳಸುತ್ತಿದ್ದರು. ಹುಟ್ಟಿದ ದಿನದ ಶುಭಾಶಯಕ್ಕೆ ಅದೇ, ಯುಗಾದಿಗೆ ಅದೇ, ಮೊಮ್ಮಗಳು ಪಾಸಾದಾಗ ಆಶೀರ್ವಾದಕ್ಕೂ ಅದೇ. ಕೆಳಗಿನ ಅಕ್ಷರ ಮಾತ್ರ ಬೇರೆ.

ಕಡೆಯ ಸಲ ನಾನು ಹೋದಾಗ ಅವಳು ಹಾಸಿಗೆ ಹಿಡಿದು ತಿಂಗಳಾಗಿತ್ತು. ನಮ್ಮ ಮಂದಿಯಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಹತ್ತಿರದವರು ಹೋಗಿ ಮೂರು ಹಿಡಿ ಮಣ್ಣು ಹಾಕಬೇಕು. ಅದಕ್ಕೇ ಮಣ್ಣಿಗೆ ಹೋಗುವುದು ಎನ್ನುತ್ತೇವೆ. ಅವಳು ಮಲಗಿದಲ್ಲಿಂದಲೇ ಆ ಮಾತು ತೆಗೆದಳು.

"ನೀ ಬಂದು ಮಣ್ಣ ಹಾಕಬೇಕ್ ನೋಡು. ಮನ್ಯಾವರು ಹಾಕೋದು ಹಾಕ್ತಾರ, ಅದು ಇದ್ದದ್ದ."

"ನಾನ ಮೊದಲ ಹೋದ್ರ?"

"ಹೋಗು ನೋಡೂನು," ಎಂದು ನಕ್ಕಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಸೊಸೆಗೆ, "ಈಕಿ ಬರೋ ತನಕ ನನ್ನ ಎತ್ತಬ್ಯಾಡ್ರಿ," ಎಂದಳು.

ನಾನು ಆಗಲಿ ಎಂದೆ. ಸೊಸೆಯೂ ಆಗಲಿ ಎಂದಳು. ಅತ್ತು ಕರೆದದ್ದೇನಿಲ್ಲ. ಅವತ್ತು ಉಪ್ಪಿಟ್ಟು ಮಾಡಿದ್ದರು, ತಿಂದು ಬಂದೆ.

ಅವಳು ಸತ್ತದ್ದು ಒಂದು ಗುರುವಾರ ಬೆಳಿಗ್ಗೆ. ಸೊಸೆ ಹತ್ತಿರದ ಊರಿನವರಿಗೆಲ್ಲ ಫೋನ್ ಮಾಡಿಸಿ, ಗುಂಪಿನಲ್ಲಿ ಸುದ್ದಿ ಹಾಕಿದಳು. ಅದೇ ಶಾಲಿನ ಫೋಟೋ, ಕೆಳಗೆ 'ಲಿಂಗೈಕ್ಯರಾದರು' ಎಂಬ ಮಾತು, ಮಣ್ಣಿನ ಹೊತ್ತು. ಆ ಫೋಟೋ ಅದಕ್ಕೆ ಎಂಟು ದಿನ ಮೊದಲು ಯಾವುದೋ ಶುಭಾಶಯಕ್ಕೆ ಬಂದಿತ್ತು. ನಮ್ಮ ಮನೆಯ ಕಂಪ್ಯೂಟರು ಅದನ್ನು ಗುರುತು ಹಿಡಿದು, ಗುಲಾಬಿಗಳ ಜೊತೆ ಕೆಳಗೆ ಹಾಕಿ ಮುಚ್ಚಿಟ್ಟಿತು.

ನಾನು ಅವತ್ತು ಸ್ನಾನ, ಪೂಜೆ, ನಾಷ್ಟಾ ಮುಗಿಸಿ ಕಂಪ್ಯೂಟರಿನ ಮುಂದೆ ಕೂತೆ. ಸಾಲಿನಲ್ಲಿ ಹೆಚ್ಚೇನೂ ಇರಲಿಲ್ಲ. ಯಾರೋ ಮಾವಿನಕಾಯಿ ಉಪ್ಪಿನಕಾಯಿ ಹಾಕುವುದನ್ನು ತೋರಿಸಿದ್ದರು, ಮೆಂತೆ ಹುರಿದದ್ದು ಕಡಿಮೆಯಾಗಿತ್ತು. ಕೆಳಗೆ ಬೂದು ಗುಂಡಿ, 'ಮೊದಲೇ ನೋಡಿದ್ದು', ಹದಿನಾಲ್ಕು. ಒತ್ತಿದೆ. ಹದಿನಾಲ್ಕೂ ಹೋದವು. ಎದ್ದು ಅಕ್ಕಿ ಆರಿಸಲು ಕೂತೆ.

ನನ್ನ ಫೋನು ಕಪಾಟಿನಲ್ಲಿ ಬಟ್ಟೆಯ ನಡುವೆ ಇರುತ್ತದೆ. ಸಾಲ ಬೇಕೇ ಎಂದು ದಿನಾ ಕೇಳುವವರ ಕಾಟಕ್ಕೆ ನಾನೇ ಅಲ್ಲಿಟ್ಟದ್ದು. ಮಗಳಿಗೆ ಅವತ್ತು ಪರೀಕ್ಷೆಯ ಕೆಲಸ, ಅವಳ ಫೋನು ಹೆಡ್ ಮಾಸ್ತರರ ಖೋಲಿಯಲ್ಲಿ ಇತ್ತು.

ಸಂಜೆ ಮಗಳು ಫೋನು ಕೈಯಲ್ಲಿ ಹಿಡಿದು ಚಪ್ಪಲಿ ಬಿಡದೆಯೇ ಒಳಗೆ ಬಂದಳು. "ಯವ್ವಾ, ನೀ ಹೋಗಲಿಲ್ಲೇನ?" ಎಂದಳು.

ಎಲ್ಲಿಗೆ ಎಂದು ನಾನು ಕೇಳಿದೆ.

ಮರುದಿನ ಮುಂಜಾನೆ ಇಬ್ಬರೂ ಗರಗಕ್ಕೆ ಹೋದೆವು. ಧಾರವಾಡದಲ್ಲಿ ಬಸ್ಸು ಬದಲಿಸುವಾಗ ಮಗಳು ಏನಾದರೂ ತಿನ್ನು ಎಂದಳು, ನಾನು ತಿನ್ನಲಿಲ್ಲ. ಗೆಳತಿಯ ಮನೆಯಲ್ಲಿ ಸೊಸೆ ಚಾಪೆ ಹಾಸಿದಳು, ನೀರು ಕೊಟ್ಟಳು. ಬಂದವರಿಗೆ ಮಾಡುವುದನ್ನೆಲ್ಲ ಮಾಡಿದಳು. ಆದರೆ ಚಿಗವ್ವ ಎನ್ನಲಿಲ್ಲ.

"ಬಿಸಲು ಇಳಿಯೋ ತನಕ ಅತ್ತಿನ್ನ ಎತ್ತದ ಕುಂದ್ರಿಸಿದ್ವಿ," ಎಂದಳು ಗೋಡೆಯ ಕಡೆ ನೋಡುತ್ತ. "ಮಂದಿ ಎಲ್ಲಾ ಯಾರಿಗಿ ಕಾಯಾಕತ್ತೀರಿ ಅಂತ ಕೇಳಿದ್ರು. ನೋಡ್ಯಾರ, ಹೊಂಟಿರ್ತಾರ ಅಂತ ನಾನ ಹೇಳ್ದೆ."

ನಾನು ನೋಡಲಿಲ್ಲ ಎಂದೆ.

ಅವಳು ಜಗಳ ಮಾಡಲಿಲ್ಲ. ಫೋನ್ ತಂದು ನನ್ನ ಮುಂದೆ ಹಿಡಿದಳು. ಯಾರ್ಯಾರು ನೋಡಿದ್ದಾರೆ ಎಂಬ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಎರಡು ನೀಲಿ ಗೀರು, ಹತ್ತು ಗಂಟೆ ಹತ್ತು ನಿಮಿಷ. ನಾನು ಅಕ್ಕಿ ಆರಿಸಲು ಎದ್ದ ಹೊತ್ತು.

"ಇದು ಬಂದ ಮ್ಯಾಲ ನಾ ಮತ್ತ ಫೋನ್ ಮಾಡಲಿಲ್ಲ ನೋಡ್ರಿ," ಎಂದಳು. "ನೀವು ನೋಡಲಿಲ್ಲ ಅಂದ್ರ, ಸುಳ್ಳ ಹೇಳಾಕ ಇದಕ್ಕ ನಿಮ್ಮ ಮ್ಯಾಲ ಏನ್ ಹಗಿ ಐತಿ?"

ಆ ನೀಲಿ ಗೀರು ಹೇಗೆ ಬಂತು ಎಂದು ಆಗ ನನಗೇ ಗೊತ್ತಿರಲಿಲ್ಲ. ಮಗಳು ಏನೋ ಹೇಳಲು ಬಾಯಿ ತೆರೆದಳು, ನಾನು ಅವಳ ಕೈ ಒತ್ತಿದೆ. ಗೆಳತಿಯನ್ನು ಇಟ್ಟ ಜಾಗ ಅವರ ಹೊಲದ ಮೂಲೆಯಲ್ಲಿ. ಬರ್ರಿ ತೋರಿಸುತ್ತೇನೆ ಎಂದು ಸೊಸೆ ಅನ್ನಲಿಲ್ಲ, ತೋರಿಸು ಎನ್ನಲು ನನಗೆ ಬಾಯಿ ಬರಲಿಲ್ಲ. ನಲವತ್ತು ವರ್ಷ ಕೇಳದೆ ಒಳಗೆ ಹೋದ ಮನೆಯಿಂದ ಹೊರಗಿನವಳ ಹಾಗೆ ಎದ್ದು ಬಂದೆ.

ಮನೆಗೆ ಬಂದು ಮೇಲಿನ ಹುಡುಗಿಯನ್ನು ಕರೆದೆ. ಸಿಟ್ಟಿನಲ್ಲೇ ಕರೆದೆ, ಸುಳ್ಳು ಯಾಕೆ ಹೇಳಲಿ. ಅವಳು ಕುರ್ಚಿಯಲ್ಲಿ ಕೂತು ಅದನ್ನು ಇದನ್ನು ತೆರೆದು ನೋಡಿದಳು. ತೀರ ಸ್ವಲ್ಪ ಹೊತ್ತಿಗೇ ಸಿಕ್ಕಿತು. ಫೋಟೋ ಅದೇ ಎಂದು ಮುಚ್ಚಿಟ್ಟದ್ದು ಆ್ಯಪು. ಬೂದು ಗುಂಡಿ ಒತ್ತಿದಾಗ, ಮುಚ್ಚಿಟ್ಟದ್ದನ್ನೆಲ್ಲ ನಾನು ನೋಡಿದ್ದೇನೆ ಎಂದು ಕಳಿಸಿದವರಿಗೆ ತಿಳಿಸಿದ್ದೂ ಅದೇ. ಹಾಗೆ ಮಾಡದಿದ್ದರೆ ಅವು ಮತ್ತೆ ಮತ್ತೆ ಬರುತ್ತಿದ್ದವಂತೆ, ಅದಕ್ಕೇ ಹಾಗಿಟ್ಟಿದ್ದಳಂತೆ. ಹೇಳುತ್ತ ಹೇಳುತ್ತ ಅವಳ ಮುಖದ ಬಣ್ಣ ಹೋಯಿತು.

"ಇದು ನನ್ನ ತಪ್ಪ್ರಿ ಆಯಿ."

ಅವಳ ಮುಖ ನೋಡಿ ನನ್ನ ಸಿಟ್ಟು ಅರ್ಧಕ್ಕೆ ನಿಂತಿತು. ಲೆಕ್ಕ ಹಾಕಿದರೆ ತಪ್ಪು ಯಾರದು? ಒಂದೇ ಸಲ ತೋರಿಸು ಎಂದವಳು ನಾನು. ಗುಂಡಿ ಒತ್ತಿದ ಬೆರಳೂ ನನ್ನದು. ಫೋನನ್ನು ಕಪಾಟಿನಲ್ಲಿ ಇಟ್ಟವಳೂ ನಾನೇ. ಅವಳು ನನ್ನ ಮಾತನ್ನು ನಂಬಿ ಮಾಡಿದಳು, ಅಷ್ಟೇ.

ಅವಳು ಅಷ್ಟಕ್ಕೆ ಬಿಡಲಿಲ್ಲ. ಈ ಆ್ಯಪನ್ನೇ ಮುಚ್ಚಿಬಿಡುತ್ತೇನೆ, ನಾಳೆ ಜೊತೆಗೆ ಕೆಲಸ ಮಾಡುವ ಗೆಳತಿಗೆ ಹೇಳುತ್ತೇನೆ, ಇನ್ನೊಬ್ಬರ ಮನೆಯಲ್ಲಿ ಹೀಗಾದರೆ ಏನು ಗತಿ ಎಂದು ಶುರು ಮಾಡಿದಳು. ಕಣ್ಣಲ್ಲಿ ನೀರು. ಅತ್ತರೆ ನನಗೆ ಆಗುವುದಿಲ್ಲ.

"ಮಳ್ಳಿ ಇದ್ದಿ ಏನು," ಎಂದೆ. "ಎಳಿ ಕಡದ್ರ ಚರಕ ಒಲಿಗೆ ಹಾಕ್ತಾರೇನು? ಕೂಡಿಸಿ ಮುಂದ ನೂಲ್ತಾರ."

ಅವಳು ಮೂಗು ಒರೆಸಿಕೊಂಡು, ಹಾಗಾದರೆ ಅದು ಏನು ಮಾಡಬೇಕಿತ್ತು ಹೇಳಿ ಎಂದಳು. ವಹಿ ಮೇಲಿನ ಖೋಲಿಯಲ್ಲೇ ಉಳಿದಿತ್ತು. ನನ್ನ ಮಗಳ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು.

ನಾನು ನೂಲಿನ ಮಾತು ಹೇಳಿದೆ. ನೂಲು ಒಪ್ಪಿಸುವ ಕಡೆ ನನ್ನ ನೂಲಿನ ಲಡಿ, ಗೆಳತಿಯ ಲಡಿ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಎರಡೂ ಒಂದೇ. ಆದರೆ ನೂಲು ನೋಡುವವರು ಕಣ್ಣಿನಿಂದ ನೋಡಿ ಒಪ್ಪುತ್ತಿರಲಿಲ್ಲ. ಒಂದು ಎಳೆ ಬಿಚ್ಚಿ ಬೆರಳಲ್ಲಿ ಹೊರಳಿಸುತ್ತಿದ್ದರು. ಅವಳದು ಬಿಗಿ ಹುರಿ, ನನ್ನದು ಸಡಿಲ. ಬೆರಳಿಗೆ ಗೊತ್ತಾಗುತ್ತಿತ್ತು. ನಿನ್ನ ಆ್ಯಪು ಚಿತ್ರ ನೋಡಿ ಅದೇ ಎಂದಿತು, ಕೆಳಗಿನ ಮಾತು ಓದಲಿಲ್ಲ. ಬಡವರ ಮನೆಯಲ್ಲಿ ಫೋಟೋ ಒಂದೇ ಇರುತ್ತದೆ, ಮಾತೇ ಬೇರೆ ಆಗುವುದು. ಮೊದಲು ಮಾತು ಓದಿಸು ಎಂದೆ.

ಅವಳು ತಲೆ ಎತ್ತದೆ ಬರೆದಳು.

ಆಮೇಲೆ ಹಿಂದಿನ ಒಂದು ಪದ್ಧತಿ ಹೇಳಿದೆ. ನಾನು ಸಣ್ಣವಳಿದ್ದಾಗ ಯಾರಾದರೂ ಸತ್ತರೆ ಊರಿಂದ ಊರಿಗೆ ಒಬ್ಬ ಮನುಷ್ಯನನ್ನು ಕಳಿಸುತ್ತಿದ್ದರು. ಅವನು ಮನೆಯ ಹೊಸ್ತಿಲ ಹೊರಗೆ ನಿಲ್ಲುತ್ತಿದ್ದ. ಒಳಗೆ ಬಾ ಎಂದರೂ ಬರುತ್ತಿರಲಿಲ್ಲ, ಕೂಡುತ್ತಿರಲಿಲ್ಲ, ನೀರೂ ಕುಡಿಯುತ್ತಿರಲಿಲ್ಲ. ಮನೆಯ ಹಿರಿಯರು ಹೊರಗೆ ಬಂದು ತಮ್ಮ ಕಿವಿಯಿಂದ ಕೇಳಿ, ಆಯಿತು ಎಂದ ಮೇಲೆಯೇ ಅವನು ತಿರುಗುವುದು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬರುವ ತನಕ ನಿಂತೇ ಇರುತ್ತಿದ್ದ. ಹೇಳದೆ ಹೋಗಿ, ಹೇಳಿದೆ ಎಂದು ಯಾವನೂ ಅನ್ನುತ್ತಿರಲಿಲ್ಲ.

"ಸಾವಿನ ಸುದ್ದಿ ಕುಂದ್ರಬಾರದು. ಉಪ್ಪಿನಕಾಯಿ ಜೋಡಿ ಸಾಲಿನ್ಯಾಗ ಅಂತೂ ಕುಂದ್ರಬಾರದು. ಬಾಗಲದಾಗ ನಿಂತಿರಬೇಕು, ನಾ ಬಂದು ಕೇಳೋ ತನಕ. ನಾ ಕೇಳಿದ ಮ್ಯಾಲ ಕೇಳ್ಯಾಳ ಅಂತ ಹೇಳು, ಅದಕ್ಕೂ ಮೊದಲ ಹೇಳಬ್ಯಾಡ."

ಹುಡುಗಿ ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡಳು. ಆಮೇಲೆ ಗರಗಕ್ಕೆ ತಾನೂ ಬರುತ್ತೇನೆ ಎಂದಳು. ಯಾಕೆ ಎಂದೆ. ನೀವು ಹೇಳಿದರೆ ಅವರು ನಂಬುವುದಿಲ್ಲ, ಮಾಡಿದವಳು ನಾನು, ನಾನೇ ಹೇಳಬೇಕು ಎಂದಳು. ಇದು ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಕೇಳುತ್ತಿರಲಿಲ್ಲ.

ರವಿವಾರ ಇಬ್ಬರೇ ಹೋದೆವು. ಬಸ್ಸಿನಲ್ಲಿ ಅವಳು ಲ್ಯಾಪ್‌ಟಾಪಿನ ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಆ ಮನೆಯವರು ಬೈಯುತ್ತಾರೇನು ಎಂದು ಎರಡು ಸಲ ಕೇಳಿದಳು. ಬೈದರೆ ಬೈಸಿಕೊ ಎಂದೆ. ಧಾರವಾಡ ದಾಟಿದ ಮೇಲೆ ಕೇಳಲಿಲ್ಲ.

ಗೆಳತಿಯ ಸೊಸೆ ನಮ್ಮನ್ನು ನೋಡಿ ಚಾಪೆ ತರಲು ಹೋದಳು. ನಾನು ಒಳಗೆ ಹೋದೆ. ಹುಡುಗಿ ಹೊಸ್ತಿಲ ಹೊರಗೇ ನಿಂತಳು. ಸೊಸೆ ಒಳಗೆ ಬಾ, ಕೂಡು ಎಂದಳು.

"ಹೇಳೋದು ಹೇಳಿ ಆಮ್ಯಾಲೆ ಬರ್ತೇನ್ರಿ," ಎಂದಳು ಹುಡುಗಿ.

ನಾನು ಹೇಳಿಕೊಟ್ಟದ್ದಲ್ಲ. ಆ ಪದ್ಧತಿಯನ್ನು ಅವಳು ಕತೆಯ ಹಾಗೆ ಕೇಳಿದ್ದಾಳೆ ಎಂದುಕೊಂಡಿದ್ದೆ. ಸೊಸೆಗೆ ಅದು ಗೊತ್ತಿತ್ತು, ಅವಳ ತವರಲ್ಲೂ ಇತ್ತು. ಚಾಪೆಯನ್ನು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದು ನಿಂತಳು.

ಹುಡುಗಿ ಒಂದು ತೋಳಿನ ಮೇಲೆ ಲ್ಯಾಪ್‌ಟಾಪು ಇಟ್ಟು, ಅದರಲ್ಲಿ ನನಗೆ ಬರುವ ಸಾಲನ್ನೇ ತೆರೆದು, ನಿಂತುಕೊಂಡೇ ಹೇಳಿದಳು. ಬಾಯಿಯಲ್ಲಿ ಹೇಳಿದ್ದು ಸಾಲದು ಎಂದು, ಅದೇ ಶಾಲಿನ ಫೋಟೋವನ್ನು ಬೇರೆ ಏನಾದರೂ ಬರೆದು ಈಗ ಆಯಿಗೆ ಕಳಿಸಿ ಎಂದು ಸೊಸೆಯನ್ನೇ ಕೇಳಿದಳು. ಸೊಸೆ ಕಳಿಸಿದಳು. ಮೂವರೂ ನೋಡುತ್ತಿದ್ದ ಹಾಗೆ ಫೋಟೋ ಬಾರದೆ, ಕೆಳಗಿನ ಬೂದು ಗುಂಡಿಯ ಅಂಕಿ ಒಂದು ಏರಿತು. ಹುಡುಗಿ ಗುಂಡಿ ಒತ್ತಿದಳು. ಸೊಸೆಯ ಫೋನಿನಲ್ಲಿ ಗೀರು ನೀಲಿಯಾಯಿತು. ನಾನು ನೋಡಿದ್ದೇನೆ ಎಂದು ಅದು ಹೇಳಿತು. ನಾನು ಅಲ್ಲೇ ನಿಂತಿದ್ದೆ, ಏನೂ ನೋಡಿರಲಿಲ್ಲ.

"ಇದನ್ನ ಮಾಡಿದಾಕಿ ನಾನ್ರಿ," ಎಂದಳು ಹುಡುಗಿ. "ಆಯಿ ಸುಳ್ಳ ಹೇಳಿಲ್ರಿ."

ಸೊಸೆ ಎರಡೂ ಯಂತ್ರಗಳನ್ನು ಸರದಿಯಂತೆ ನೋಡಿದಳು. ತಾನೇ ಇನ್ನೊಮ್ಮೆ ಕಳಿಸಿದಳು. ಮತ್ತೆ ಹಾಗೆಯೇ ಆಯಿತು.

"ಬ್ಯಾರೆ ಫೋಟೋ ಹಾಕಿದ್ರ ಬರ್ತಿತ್ತೇನು?"

"ಬರ್ತಿತ್ರಿ."

"ಬ್ಯಾರೆದು ಎಲ್ಲಿಂದ ತರೂನು," ಎಂದಳು ಸೊಸೆ. "ತಗಸ್ಕೊಳ್ಳಾಕ ಬಿಟ್ಟಾಳೇನು ಆಕಿ?"

ಹೇಳುತ್ತಲೇ ಅವಳಿಗೆ ನಗು ಬಂತು. ಸತ್ತ ಮನೆಯಲ್ಲಿ ಮೂರು ದಿನಕ್ಕೆ ನಗಬಾರದು, ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅದು ಅಳುವಾಯಿತು. ನಾನು ಅವಳ ಕೈಯಿಂದ ಚಾಪೆ ತೆಗೆದುಕೊಂಡು ನಾನೇ ಹಾಸಿದೆ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಒರೆಸಿಕೊಂಡು, ಇನ್ನೂ ಹೊರಗೇ ನಿಂತಿದ್ದ ಹುಡುಗಿಯನ್ನು ತೋಳು ಹಿಡಿದು ಒಳಗೆ ಕರೆತಂದಳು. "ಕೇಳ್ದೆವ. ಇನ್ನ ಕುಂದ್ರು," ಎಂದಳು. ನನ್ನ ಕಡೆ ತಿರುಗಿ, "ಚಿಗವ್ವ, ಚಾದಾಗ ಸಕ್ರಿ ಹಾಕಲ್ಯೋ ಬ್ಯಾಡೋ," ಎಂದಳು. ನನಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷ ಆಯಿತು, ಅವಳಿಗೆ ಗೊತ್ತಿಲ್ಲದ್ದೇನಲ್ಲ. ಏನಾದರೂ ಕೇಳಬೇಕಿತ್ತು, ಕೇಳಿದಳು.

ಚಹಾ ಆದ ಮೇಲೆ ಸೊಸೆಯೇ ಮುಂದಾಗಿ ಹೊಲಕ್ಕೆ ಕರೆದೊಯ್ದಳು. ಮೂರು ದಿನದ ಬಿಸಿಲಿಗೆ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿತ್ತು. ಹಸಿಮಣ್ಣು ಸಿಗಲಿ ಎಂದು ಸೊಸೆ ಬದುವಿನ ಕಡೆ ಕೆದರಲು ಹೋದಳು. ಬೇಡ, ಒಣಗಿದ್ದೇ ಆಗಲಿ ಎಂದೆ. ಮೂರು ಹಿಡಿ ಹಾಕಿದೆ. ಕೈಯಲ್ಲೇ ಪುಡಿಯಾಯಿತು. ನಿನ್ನ ಹಟದಿಂದ ಆದದ್ದಿದು, ಇನ್ನೊಂದು ಫೋಟೋ ತೆಗೆಸಿಕೊಂಡಿದ್ದರೆ ಏನು ಹೋಗುತ್ತಿತ್ತು ಎಂದು ಗೆಳತಿಗೆ ಬೈದೆ. ಗಟ್ಟಿಯಾಗಿ ಬೈಯಲಿಲ್ಲ, ಹುಡುಗಿ ಪಕ್ಕದಲ್ಲಿದ್ದಳು. ಕೊಟ್ಟ ಮಾತು ನಡೆಯಿತು ಎಂದು ನಾನು ಹೇಳುವುದಿಲ್ಲ. ಅವಳು ಕಾದದ್ದು ಗುರುವಾರ, ನಾನು ಹೋದದ್ದು ರವಿವಾರ.

ತಿರುಗಿ ಬರುವಾಗ ಬಸ್ಸಿನಲ್ಲಿ ಹುಡುಗಿ ಚೀಲ ಕಾಲ ಬಳಿ ಇಟ್ಟು ನಿದ್ದೆ ಹೋದಳು. ಅವಳ ತಲೆ ನನ್ನ ಹೆಗಲಿಗೆ ಬಡಿಯುತ್ತಿತ್ತು. ಭಾರವಾಗಿತ್ತು, ಆದರೂ ಎಬ್ಬಿಸಲಿಲ್ಲ.

ಆ್ಯಪು ಸರಿಯಾಗಲು ಇಪ್ಪತ್ತು ದಿನ ಹಿಡಿಯಿತು. ಅವಳ ಗೆಳತಿಗೆ ಮೊದಲು ಒಪ್ಪಿಗೆ ಇರಲಿಲ್ಲವಂತೆ. ಸಾವಿನ ಸುದ್ದಿಗೆ ಬೇರೆ ಜಾಗ ಇಟ್ಟರೆ ಯಾರು ಕೊಳ್ಳುತ್ತಾರೆ, ಅಪಶಕುನ ಎನ್ನುತ್ತಾರೆ ಎಂದಳಂತೆ. ಗರಗದಲ್ಲಿ ಆದದ್ದನ್ನು ಹೇಳಿದ ಮೇಲೆ ಅವಳೇ ಕೂತು ಅರ್ಧ ಕೆಲಸ ಮಾಡಿದಳಂತೆ. ಈಗ ಒಂದೇ ಫೋಟೋ ಎರಡು ಸಲ ಬಂದರೆ ಅದು ಕೆಳಗಿನ ಮಾತು ಓದುತ್ತದೆ. ಮಾತು ಬೇರೆಯಾದರೆ ಮುಚ್ಚುವುದಿಲ್ಲ. ಬೂದು ಗುಂಡಿ ಒತ್ತಿದರೆ ನನ್ನ ಕಣ್ಣ ಮುಂದಿನಿಂದ ಸರಿಯುತ್ತದೆ, ನೋಡಿದ್ದಾಳೆ ಎಂದು ಯಾರಿಗೂ ಹೇಳುವುದಿಲ್ಲ. ಎಲ್ಲಕ್ಕೂ ಮೇಲೆ ಒಂದು ಖಾಲಿ ಪಟ್ಟಿ ಇಟ್ಟಿದ್ದಾಳೆ, ಅದಕ್ಕೆ ಹೊಸ್ತಿಲು ಎಂದು ಹೆಸರು. ಸಾವು, ಆಸ್ಪತ್ರೆ, ಲಗೂ ಬಾ ಎಂಬ ಮಾತು ಇದ್ದರೆ ಅದು ಅಲ್ಲಿ ನಿಲ್ಲುತ್ತದೆ, ನಾನು ಮುಟ್ಟುವ ತನಕ ಹೋಗುವುದಿಲ್ಲ, ಮುಟ್ಟಿದ ಮೇಲೆಯೇ ನೋಡಿದ್ದಾಳೆ ಎಂದು ಕಳಿಸಿದವರಿಗೆ ಹೇಳುತ್ತದೆ. ಇನ್ನೂ ತಪ್ಪುತ್ತದೆ. ಒಮ್ಮೆ ಯಾರದೋ ಎಮ್ಮೆ ಸತ್ತದ್ದನ್ನು ತಂದು ನಿಲ್ಲಿಸಿತ್ತು. ಇರಲಿ ಬಿಡು, ಎಮ್ಮೆಯೂ ಒಂದು ಜೀವ ಎಂದೆ. ಅದನ್ನೂ ವಹಿಯಲ್ಲಿ ಬರೆದುಕೊಂಡಳು.

ನಾನೂ ಒಂದು ಸುಧಾರಣೆ ಮಾಡಿಕೊಂಡೆ. ಫೋನನ್ನು ಕಪಾಟಿನಿಂದ ತೆಗೆದು ಟೇಬಲ್ಲಿನ ಮೇಲೆ ಇಟ್ಟಿದ್ದೇನೆ. ಸಾಲ ಬೇಕೇ ಎನ್ನುವವರಿಗೆ ಬೇಡ ಎನ್ನಲು ಎಷ್ಟು ಹೊತ್ತು ಬೇಕು.

ಗೆಳತಿಯ ತಿಂಗಳ ಕಾರ್ಯದ ಸುದ್ದಿ ಬಂದದ್ದು ಒಂದು ಬೆಳಿಗ್ಗೆ. ಮೇಲಿನ ಪಟ್ಟಿಯಲ್ಲಿ ಅದೇ ಫೋಟೋ, ಅದೇ ಶಾಲು, ಹಾಳಾದ ಹಂಜಿ ನೋಡುವ ಅದೇ ಮುಖ. ಕೆಳಗಿನ ಅಕ್ಷರಗಳ ಮೇಲೆ ಬೆರಳಿಟ್ಟು ಪೂರ್ತಿ ಓದಿದೆ. ಓದಿ ಮುಗಿಸಿ, ಮುಟ್ಟಿದೆ. ಒಂದು ನಿಮಿಷವೂ ಆಗಿರಲಿಲ್ಲ, ಟೇಬಲ್ಲಿನ ಮೇಲಿನ ಫೋನು ಬಡಿದುಕೊಂಡಿತು. ಗರಗದಿಂದ ಸೊಸೆ.

"ಚಿಗವ್ವ, ಖರೇನ ನೋಡಿದ್ಯೋ, ಇಲ್ಲಾ ಅದ ನೋಡೇತೋ?"

"ನಾನ ನೋಡೇನಿ. ಬರ್ತೇನಿ," ಎಂದೆ.